ಪಿಕಪ್ ಹಿಂಭಾಗ ಕುಸಿಯುತ್ತಿದೆಯೇ? ಪ್ಲೇಟು ಸೇರಿಸುವ ಮುನ್ನ ತೂಕ ಹಾಕಿಸಿ

ಪಾಲಕೋಡ್: ಇಲ್ಲಿನ ಟೊಮೆಟೊ ಮಂಡಿಯಿಂದ ಹೊರಬೀಳುವ ಪಿಕಪ್ ವಾಹನಗಳನ್ನು ಪಕ್ಕದಲ್ಲಿ ನಿಂತು ನೋಡಿದವರಿಗೆ ಒಂದು ದೃಶ್ಯ ಹೊಸದಲ್ಲ. ಹಿಂಭಾಗ ಕುಕ್ಕರಿಸಿ ಕುಳಿತಿರುತ್ತದೆ, ಮೂತಿ ಮೇಲೆದ್ದಿರುತ್ತದೆ. ರಾತ್ರಿಯಾದರೆ ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ಹುಣಸೆ ಮರದ ಕೊಂಬೆಗಳ ಮೇಲೆ ಬೀಳುತ್ತದೆ. ಮನೆಯ ಸೂರಿಗೆ ಕಾಂಕ್ರೀಟ್ ಹಾಕುವ ದಿನಗಳಲ್ಲಿ ಇನ್ನೊಂದು ದೃಶ್ಯ ಕಾಣುತ್ತದೆ. ತೊಟ್ಟಿಯಲ್ಲಿ ಸೆಂಟ್ರಿಂಗ್ ಶೀಟು, ಮುಟ್ಟುಗಂಬ, ಸಿಮೆಂಟ್ ಮೂಟೆ. ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಎರಡು ಚಕ್ರದ ಮಿಕ್ಸರ್ ಯಂತ್ರ.

ಇಂಥ ಗಾಡಿಯ ಮಾಲೀಕ ಗ್ಯಾರೇಜಿಗೆ ಹೋಗಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ. "ಅಣ್ಣಾ, ಹಿಂದುಗಡೆ ಎರಡು ಪ್ಲೇಟು ಜಾಸ್ತಿ ಹಾಕಿಬಿಡಿ." ಪ್ಲೇಟು ಸೇರಿದ ಮೇಲೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ಮಾಲೀಕನಿಗೆ ಸಮಾಧಾನವಾಗುತ್ತದೆ. ಆದರೆ ಗಾಡಿಯ ಎತ್ತರ ಸರಿಹೋಗಿದೆಯೇ ಹೊರತು ತೂಕ ಒಂದು ಕೆಜಿಯಷ್ಟೂ ಇಳಿದಿರುವುದಿಲ್ಲ. ಹಿಂಬದಿಗೆ ಯಾವ ಆಸರೆ ಹಾಕಿಸಬೇಕು ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಕೊಕ್ಕೆಯ ಲೆಕ್ಕ

ತೊಟ್ಟಿಯಲ್ಲಿಟ್ಟ ಭಾರಕ್ಕೂ ಕೊಕ್ಕೆಯ ಮೇಲೆ ಕೂರುವ ಭಾರಕ್ಕೂ ವ್ಯತ್ಯಾಸವಿದೆ. ತೊಟ್ಟಿಯ ಭಾರದಲ್ಲಿ ಹೆಚ್ಚಿನ ಪಾಲು ಎರಡು ಆಕ್ಸಲ್‌ಗಳ ನಡುವೆ ಬೀಳುತ್ತದೆ. ಕೊಕ್ಕೆ ಇರುವುದು ಹಿಂದಿನ ಆಕ್ಸಲ್‌ನಿಂದ ಇನ್ನೂ ಹಿಂದೆ. ಹಾಗಾಗಿ ಅಲ್ಲಿ ಬಿದ್ದ ಭಾರ ಏತದ ಕೋಲಿನಂತೆ ಕೆಲಸ ಮಾಡಿ ಹಿಂಭಾಗವನ್ನು ಒತ್ತುತ್ತದೆ, ಮುಂಭಾಗವನ್ನು ಎತ್ತುತ್ತದೆ.

ಒಂದು ಉದಾಹರಣೆ ನೋಡಬಹುದು. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರ, ಹಿಂದಿನ ಆಕ್ಸಲ್‌ನಿಂದ ಕೊಕ್ಕೆಗೆ 1.2 ಮೀಟರ್ ಎಂದಿಟ್ಟುಕೊಳ್ಳಿ. ಕೊಕ್ಕೆಯ ಮೇಲೆ 100 ಕೆಜಿ ಕೂತರೆ ಹಿಂದಿನ ಆಕ್ಸಲ್‌ಗೆ ಬೀಳುವುದು 100 ಅಲ್ಲ, 140 ಕೆಜಿ. ಹೆಚ್ಚುವರಿ 40 ಕೆಜಿ ಬಂದದ್ದು ಮುಂದಿನ ಚಕ್ರಗಳಿಂದ. ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರಗಳು, ಬ್ರೇಕ್ ಹಾಕಿದಾಗ ಹೆಚ್ಚು ಕೆಲಸ ಮಾಡುವುದೂ ಅವೇ. ಅವುಗಳ ಮೇಲಿನ ಹಿಡಿತ ಅಷ್ಟು ಕಡಿಮೆಯಾಯಿತು ಎಂದರ್ಥ.

ಈಗ ಪ್ಲೇಟು ಸೇರಿಸಿ ಹಿಂಭಾಗವನ್ನು ಎತ್ತಿದರೆ ಆ 40 ಕೆಜಿ ಮುಂದಕ್ಕೆ ವಾಪಸು ಬರುತ್ತದೆಯೇ? ಬರುವುದಿಲ್ಲ. ಗಾಡಿ ಮಟ್ಟವಾಗಿ ಕಾಣುತ್ತದೆ, ಆದರೆ ಹಂಚಿಕೆ ಹೆಚ್ಚುಕಡಿಮೆ ಹಿಂದಿನಂತೆಯೇ ಇರುತ್ತದೆ. ಅದನ್ನು ಬದಲಿಸಲು ಇರುವ ದಾರಿ ಸರಕನ್ನು ಕ್ಯಾಬಿನ್ ಕಡೆಗೆ ಸರಿಸುವುದು, ಇಲ್ಲವೇ ಕೊಕ್ಕೆಯ ಮೇಲಿನ ಭಾರವನ್ನು ಮಿತಿಯಲ್ಲಿಡುವುದು. ಅಮೆರಿಕದಲ್ಲಿ ಉದ್ದನೆಯ ಟ್ರೈಲರ್ ಎಳೆಯುವವರು ಭಾರವನ್ನು ಮುಂದಕ್ಕೆ ಹಂಚುವ ವಿಶೇಷ ಕೊಕ್ಕೆಯನ್ನೇ ಬಳಸುತ್ತಾರೆ. ನಮ್ಮ ಕಡೆಯ ಮಿಕ್ಸರ್‌ಗಳಿಗೆ ಅದು ಹೊಂದುವ ವಸ್ತುವಲ್ಲ.

ಕೊಕ್ಕೆಯ ಭಾರ ಎಷ್ಟಿರಬೇಕು ಎಂಬುದಕ್ಕೆ ರೂಢಿಯ ಅಳತೆಯೊಂದಿದೆ. ಎಳೆಯುವ ಯಂತ್ರ ಅಥವಾ ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಾಗ ಟ್ರೈಲರ್ ಬಾಲದಂತೆ ಅಲುಗಾಡತೊಡಗುತ್ತದೆ. ಹೆಚ್ಚಾದರೆ ಪಿಕಪ್ ಕುಸಿಯುತ್ತದೆ. ಇದನ್ನು ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ಮಂಡಿಗಳಲ್ಲಿ ಮೂಟೆ ತೂಗುವ ನೆಲದ ತಕ್ಕಡಿ ಸಾಕು. ಮಿಕ್ಸರ್ ಚಕ್ರಗಳಿಗೆ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಎಳೆಯುವ ತೋಳನ್ನು ಪಿಕಪ್ ಕೊಕ್ಕೆಯ ಎತ್ತರಕ್ಕೆ ಸರಿಯಾಗಿ ಅದರ ಮೇಲಿಟ್ಟರೆ ತೂಕ ಸಿಗುತ್ತದೆ. ದಿಮ್ಮಿಯ ತೂಕ ಕಳೆಯುವುದನ್ನು ಮರೆಯಬಾರದು.

ಮೊದಲು ವೇಬ್ರಿಡ್ಜ್

ಗ್ಯಾರೇಜಿಗೆ ಹೋಗುವ ಮುನ್ನ ಹೋಗಬೇಕಾದದ್ದು ವೇಬ್ರಿಡ್ಜ್‌ಗೆ. ತಮಿಳು ಫಲಕದಲ್ಲಿ 'ಎಡೈ ಮೇಡೈ' ಎಂದು ಬರೆದಿರುವುದು ಇದನ್ನೇ. ದಿನವೂ ಹೊರುವಷ್ಟೇ ಲೋಡು ಹಾಕಿ, ಕ್ಯಾಬಿನ್‌ನಲ್ಲಿ ಎಂದಿನಂತೆ ಜನ ಕೂತು, ಮಿಕ್ಸರ್ ಎಳೆಯುವುದಿದ್ದರೆ ಅದನ್ನೂ ಸಿಕ್ಕಿಸಿಕೊಂಡು ಹೋಗಬೇಕು. ಮೊದಲು ಪಿಕಪ್‌ನ ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಚೀಟಿ. ನಂತರ ಪಿಕಪ್‌ನ ನಾಲ್ಕೂ ಚಕ್ರ ಹತ್ತಿಸಿ, ಮಿಕ್ಸರ್ ಚಕ್ರ ಹೊರಗೇ ಇರುವಂತೆ ಇನ್ನೊಂದು ಚೀಟಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹಿಂದಿನ ಆಕ್ಸಲ್ ಹೊತ್ತ ಭಾರ. ಹತ್ತುವ ದಾರಿ ತಕ್ಕಡಿಯ ಮಟ್ಟಕ್ಕೇ ಇರಬೇಕು, ಇಳಿಜಾರಿದ್ದರೆ ಲೆಕ್ಕ ತಪ್ಪುತ್ತದೆ.

ಈ ಅಂಕಿಗಳನ್ನು ಮೂರು ಮಿತಿಗಳೊಂದಿಗೆ ಹೋಲಿಸಬೇಕು. ಒಂದು, ಆರ್‌ಸಿಯಲ್ಲಿರುವ ಒಟ್ಟು ತೂಕ. ಎರಡು, ತಯಾರಕರು ಹೇಳಿದ ಹಿಂದಿನ ಆಕ್ಸಲ್‌ನ ಮಿತಿ. ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಅದು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರದ ಸಂಖ್ಯೆ. ಅಲ್ಲಿ 100 ಎಂದಿದ್ದರೆ ಆ ಟೈರು ಹೊರಬಲ್ಲದ್ದು 800 ಕೆಜಿ, 104 ಎಂದಿದ್ದರೆ 900, 106 ಎಂದಿದ್ದರೆ 950, 108 ಎಂದಿದ್ದರೆ 1000 ಕೆಜಿ. 106/104 ಎಂದು ಎರಡು ಸಂಖ್ಯೆ ಇದ್ದರೆ ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಜೋಡಿ ಟೈರಿಗೆ. ಹಿಂದೆ 106ರ ಒಂಟಿ ಟೈರುಗಳಿದ್ದರೆ ಎರಡೂ ಸೇರಿ 1900 ಕೆಜಿ. ಅದೂ ಕಂಪನಿ ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ. ಹತ್ತು ಪ್ಲೇಟು ಸೇರಿಸಿದರೂ ಈ 1900 ಎಂಬುದು 1901 ಆಗುವುದಿಲ್ಲ.

ಪಿಕಪ್‌ಗಳು 1.3 ಟನ್, 1.5 ಟನ್, 1.7 ಟನ್ ಎಂದೆಲ್ಲ ಹೆಸರಿಟ್ಟುಕೊಂಡು ಮಾರಾಟವಾಗುತ್ತವೆ. 1.5 ಟನ್ ಗಾಡಿಗೆ ಟೊಮೆಟೊ ಲೆಕ್ಕ ಹಾಕಿ ನೋಡೋಣ. ಕ್ರೇಟಿನಲ್ಲಿ ಹಣ್ಣು 25 ಕೆಜಿ, ಖಾಲಿ ಕ್ರೇಟು 2 ಕೆಜಿ ಎಂದು ಹಿಡಿದರೆ 55 ಕ್ರೇಟಿಗೆ 1485 ಕೆಜಿ. ಅಲ್ಲಿಗೆ ಮುಗಿಯಿತು. ಮೇಲೆ ಒಂದು ಸಾಲು ಏರಿಸಿದರೂ ಹೆಚ್ಚುವರಿಯೇ. ಸೂರಿನ ಕೆಲಸದ ಗಾಡಿಯಾದರೆ ಶೀಟು, ಮುಟ್ಟುಗಂಬ ಸೇರಿ 900 ಕೆಜಿ, 50 ಕೆಜಿಯ ಹತ್ತು ಮೂಟೆ ಸಿಮೆಂಟು 500 ಕೆಜಿ, 600 ಕೆಜಿಯ ಮಿಕ್ಸರ್ ಕೊಕ್ಕೆಯ ಮೇಲೆ ಹಾಕುವ 60ರಿಂದ 90 ಕೆಜಿ. ಕೆಲಸದ ಆಳುಗಳು ಹತ್ತುವ ಮೊದಲೇ ಗಾಡಿ ತುಂಬಿರುತ್ತದೆ. ಮಿಕ್ಸರ್ ಹಿಂದೆ ಬರುತ್ತಿದೆ, ತೊಟ್ಟಿಯ ಲೆಕ್ಕಕ್ಕೆ ಸೇರುವುದಿಲ್ಲ ಎಂಬ ಎಣಿಕೆ ತಪ್ಪುವುದು ಇಲ್ಲೇ.

ಚೀಟಿಯ ಅಂಕಿ ಮಿತಿ ಮೀರಿದ್ದರೆ ಆಸರೆಯ ಮಾತೇ ಬರುವುದಿಲ್ಲ. ಲೋಡು ಇಳಿಸಬೇಕು, ಇಲ್ಲವೇ ದೊಡ್ಡ ಗಾಡಿ ತೆಗೆದುಕೊಳ್ಳಬೇಕು. ಮಿತಿಯೊಳಗಿದ್ದೂ ಗಾಡಿ ಕುಸಿಯುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಹಳೆಯ ಪಟ್ಟಿಗೇ ಮೊದಲ ಚಿಕಿತ್ಸೆ

ಮಿತಿಯೊಳಗಿನ ಲೋಡಿಗೇ ಹಿಂಭಾಗ ಕುಸಿದರೆ ಮೊದಲ ಅನುಮಾನ ಇರುವ ಕಮಾನು ಪಟ್ಟಿಗಳ ಮೇಲೆಯೇ ಬರಬೇಕು. ಖಾಲಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎರಡೂ ಬದಿಯಲ್ಲಿ ಆಕ್ಸಲ್‌ನಿಂದ ಚಾಸಿಗೆ ಇರುವ ಎತ್ತರ ಅಳೆಯಿರಿ. ಒಂದೇ ಬದಿ ತಗ್ಗಾಗಿದ್ದರೆ ಬಹುಶಃ ಒಂದು ಪಟ್ಟಿ ಮುರಿದಿದೆ. ಮುರಿತ ಹೆಚ್ಚಾಗಿ ಯು-ಬೋಲ್ಟಿನ ಅಡಿಯಲ್ಲಿ, ಸೆಂಟರ್ ಬೋಲ್ಟಿನ ತೂತಿನ ಬಳಿ ಆಗುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಶಾಕಲ್ ಮತ್ತು ಬುಷ್ ಸವೆದಿದ್ದರೂ ಗಾಡಿ ವಾಲುತ್ತದೆ.

ಬಾಗು ಕಳೆದುಕೊಂಡು ಚಪ್ಪಟೆಯಾದ ಪಟ್ಟಿಗಳನ್ನು ಕಾಯಿಸಿ, ಬಡಿದು, ಮತ್ತೆ ಬಾಗಿಸಿ ಕೊಡುವ ಕುಲುಮೆಗಳು ಎಲ್ಲ ಊರುಗಳಲ್ಲೂ ಇವೆ. ಇಲ್ಲಿ ಎಚ್ಚರ ಬೇಕು. ಸ್ಪ್ರಿಂಗ್ ಉಕ್ಕಿನ ಶಕ್ತಿ ಇರುವುದು ಕಾರ್ಖಾನೆಯಲ್ಲಿ ಅದಕ್ಕೆ ಕೊಟ್ಟ ಹದದಲ್ಲಿ. ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟರೆ ಅದು ಮೆತ್ತಗಾಗಿ ಕೆಲವೇ ದಿನಗಳಲ್ಲಿ ಮತ್ತೆ ಕುಸಿಯುತ್ತದೆ. ನೀರಿಗೆ ಅದ್ದಿ ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಪೆಡಸಾಗಿ ಮುರಿಯುತ್ತದೆ. ಎಣ್ಣೆಯಲ್ಲಿ ತಣಿಸಿ, ಮತ್ತೆ ಮಿತವಾದ ಶಾಖದಲ್ಲಿ ಹದ ಮಾಡುವ ಏರ್ಪಾಡು ಇರುವ ಕಡೆ ಮಾತ್ರ ಈ ಕೆಲಸ ಮಾಡಿಸಬೇಕು. ಇಲ್ಲದಿದ್ದರೆ ಹೊಸ ಪಟ್ಟಿ ಹಾಕಿಸುವುದೇ ಅಗ್ಗ.

ಬಹಳಷ್ಟು ಗಾಡಿಗಳ ಕುಸಿತ ಇಷ್ಟರಲ್ಲೇ ಸರಿಹೋಗುತ್ತದೆ. ಅಂದಹಾಗೆ, ಶಾಕ್ ಅಬ್ಸಾರ್ಬರ್ ಬದಲಿಸಿದರೆ ಗಾಡಿ ಎತ್ತರವಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಅದರ ಕೆಲಸ ಕುಲುಕಾಟ ನಿಲ್ಲಿಸುವುದು, ಭಾರ ಹೊರುವುದಲ್ಲ.

ಪ್ಲೇಟು, ರಬ್ಬರು, ಗಾಳಿಚೀಲ

ಇಷ್ಟಾದ ಮೇಲೂ ಆಸರೆ ಬೇಕೆನಿಸಿದರೆ ಆಯ್ಕೆಗಳಿವೆ. ನಮ್ಮ ಭಾಗದಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಪಟ್ಟಿ ಸೇರಿಸುವುದು. ದಪ್ಪದ ವಿಚಾರದಲ್ಲಿ ಒಂದು ಗುಟ್ಟು ತಿಳಿದಿರಬೇಕು. ಪಟ್ಟಿಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿ.ಮೀ. ಪಟ್ಟಿಗೆ ಹೋಲಿಸಿದರೆ ಅದೇ ಅಗಲ, ಅದೇ ಉದ್ದದ 10 ಮಿ.ಮೀ. ಪಟ್ಟಿ ಹೆಚ್ಚುಕಡಿಮೆ ಎರಡು ಪಟ್ಟು ಬಿಗಿ. 8 ಮಿ.ಮೀ.ನ ಏಳು ಪಟ್ಟಿಗಳಿರುವ ಕಟ್ಟಿಗೆ ಅಂಥದೇ ಇನ್ನೊಂದು ಸೇರಿಸಿದರೆ ಸುಮಾರು ಶೇ. 14ರಷ್ಟು ಬಿಗಿಯಾಗುತ್ತದೆ, 10 ಮಿ.ಮೀ.ನದು ಸೇರಿಸಿದರೆ ಶೇ. 28ರಷ್ಟು. ಒಂದೇ ಬಾಗಿನಲ್ಲಿ ಬಳುಕುವಾಗ ದಪ್ಪ ಪಟ್ಟಿಯ ಮೇಲೆ ಬೀಳುವ ಒತ್ತಡವೂ ಹೆಚ್ಚು, ಹೀಗಾಗಿ ಮೊದಲು ಮುರಿಯುವುದು ಅದೇ. "ದಪ್ಪದ್ದು ಒಂದು ಹಾಕಿ" ಎನ್ನುವುದಕ್ಕಿಂತ ಇರುವ ಅಳತೆಯದನ್ನೇ ಎರಡೂ ಬದಿಗೆ ಒಂದೊಂದು ಹಾಕಿಸುವುದು ಜಾಣತನ.

ಸೇರಿಸಿದ ಪಟ್ಟಿಯ ಉದ್ದ ಮೇಲಿನ ಮತ್ತು ಕೆಳಗಿನ ಪಟ್ಟಿಗಳ ನಡುವೆ ಮೆಟ್ಟಿಲಿನಂತೆ ಹೊಂದಬೇಕು. ತೀರಾ ಗಿಡ್ಡದಾದರೆ ಅದರ ತುದಿ ಒತ್ತುವ ಜಾಗದಲ್ಲೇ ಮೇಲಿನ ಪಟ್ಟಿ ಸೀಳುತ್ತದೆ. ಕಟ್ಟು ದಪ್ಪವಾದಾಗ ಹಳೆಯ ಯು-ಬೋಲ್ಟ್ ಸಾಲುವುದಿಲ್ಲ, ಉದ್ದನೆಯ ಹೊಸದೇ ಬೇಕು. ಇನ್ನು ನಡುವೆ ದಪ್ಪ, ತುದಿಗೆ ತೆಳು ಇರುವ ಪ್ಯಾರಾಬೋಲಿಕ್ ಪಟ್ಟಿಗಳಿರುವ ಗಾಡಿಗಳಿಗೆ ಸಾಧಾರಣ ಪಟ್ಟಿ ತುರುಕಲೇಬಾರದು. ಅವು ಒಂದಕ್ಕೊಂದು ತಾಗದೆ ಕೆಲಸ ಮಾಡುವಂತೆ ರೂಪಿಸಿದವು.

ಮೇಲಾಗಿ ಪಿಕಪ್‌ನ ಅರ್ಧ ಜೀವನ ಖಾಲಿ ಓಡುವುದರಲ್ಲೇ ಕಳೆಯುತ್ತದೆ. ಚೆನ್ನೈನ ಕೋಯಂಬೇಡಿಗೆ ಲೋಡು ಇಳಿಸಿ ಖಾಲಿ ಕ್ರೇಟುಗಳೊಂದಿಗೆ ಮರಳುವ ಗಾಡಿಯಲ್ಲಿ ಹಿಂದಿನ ಪಟ್ಟಿ ತುಂಬಾ ಬಿಗಿಯಾಗಿದ್ದರೆ ಚಕ್ರಗಳು ಹಳ್ಳಕ್ಕೊಮ್ಮೆ ನೆಲ ಬಿಟ್ಟು ಕುಪ್ಪಳಿಸುತ್ತವೆ. ಮಳೆಯಲ್ಲಿ ಬ್ರೇಕ್ ಹಾಕಿದರೆ ಹಿಂಭಾಗ ಜಾರುತ್ತದೆ. ಅದಕ್ಕೇ ಮುಖ್ಯ ಕಟ್ಟಿನ ಮೇಲೆ ಪ್ರತ್ಯೇಕವಾಗಿ ಕೂರುವ, ಲೋಡು ಬಿದ್ದು ಚಾಸಿ ತಗ್ಗಿದಾಗ ಮಾತ್ರ ಬ್ರಾಕೆಟ್‌ಗೆ ತಾಗಿ ಕೆಲಸ ಆರಂಭಿಸುವ ಹೆಲ್ಪರ್ ಪಟ್ಟಿ ಇಂಥವರಿಗೆ ಮೇಲು. ಲಾರಿಗಳಲ್ಲಿ ಇದು ಬಹಳ ಹಿಂದಿನಿಂದ ಇರುವ ಏರ್ಪಾಡು. ಪಿಕಪ್‌ಗೂ ಅದರ ತಯಾರಕರೇ ಕೊಡುವ ಹೆಲ್ಪರ್ ಸಿಕ್ಕಿದರೆ ಬೇರೆ ಯೋಚಿಸಬೇಕಾಗಿಲ್ಲ.

ಎರಡನೆಯದು ರಬ್ಬರು. ಆಕ್ಸಲ್ ಮೇಲಕ್ಕೆ ಬಡಿಯದಂತೆ ಚಾಸಿಯಲ್ಲಿ ಇರುವ ಗಿಡ್ಡ ರಬ್ಬರಿನ ಬದಲು ಉದ್ದನೆಯ, ಒಳಗೆ ಟೊಳ್ಳಾದ ರಬ್ಬರ್ ಸ್ಪ್ರಿಂಗ್ ಕೂರಿಸುತ್ತಾರೆ. ಗಾಳಿ ತುಂಬುವ, ಎಣ್ಣೆ ಬಿಡುವ ಕೆಲಸವಿಲ್ಲ. ಖಾಲಿ ಗಾಡಿಯ ಓಟವೂ ಕೆಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಮಿಕ್ಸರ್ ಎಳೆಯುವವರಿಗೆ ಇದು ಸಾಕು. ತಮ್ಮ ಗಾಡಿಯ ಮಾದರಿಗೇ ಮಾಡಿದ್ದನ್ನು ಕೊಳ್ಳಬೇಕು. ಕಾರಿನ ಸುರುಳಿ ಸ್ಪ್ರಿಂಗಿನ ಸಂದಿಗೆ ಸಿಕ್ಕಿಸುವ ರಬ್ಬರ್ ತುಂಡುಗಳು ಬೇರೆ, ಅವು ಪಟ್ಟಿಯ ಗಾಡಿಗಲ್ಲ.

ಮೂರನೆಯದು ಗಾಳಿಚೀಲ. ಲೋಡಿಗೆ ತಕ್ಕಂತೆ ಗಾಳಿ ಏರಿಸಿ ಇಳಿಸಬಹುದಾದ್ದರಿಂದ ಮೂರರಲ್ಲಿ ಇದೇ ನಯವಾದದ್ದು. ಎಡಬಲ ಚೀಲಗಳಿಗೆ ಬೇರೆಬೇರೆ ಕೊಳವೆ ಇರಬೇಕು. ಎರಡನ್ನೂ ಒಂದೇ ಕೊಳವೆಗೆ ಸೇರಿಸಿದರೆ ತಿರುವಿನಲ್ಲಿ ತಗ್ಗಾದ ಕಡೆಯ ಗಾಳಿ ಎತ್ತರದ ಕಡೆಗೆ ಹರಿದು ಗಾಡಿ ಇನ್ನಷ್ಟು ವಾಲುತ್ತದೆ. ಖಾಲಿ ಓಡುವಾಗಲೂ ತಯಾರಕರು ಹೇಳಿದ ಕನಿಷ್ಠ ಗಾಳಿ ಉಳಿಸಬೇಕು, ಇಲ್ಲದಿದ್ದರೆ ಚೀಲ ಮಡಿಚಿಕೊಂಡು ಹರಿಯುತ್ತದೆ. ಜಲ್ಲಿ ರಸ್ತೆಯ ಕಲ್ಲು, ಸೈಲೆನ್ಸರ್ ಪೈಪಿನ ಶಾಖ ಎರಡೂ ಅದಕ್ಕೆ ಶತ್ರು. ಪಂಚಪಳ್ಳಿ ಕಡೆಯ ಹೊಲದ ದಾರಿಯಲ್ಲಿ ಚೀಲ ಹರಿದರೆ ಅಲ್ಲೇ ರಿಪೇರಿ ಮಾಡುವವರು ಸಿಗುವುದಿಲ್ಲ. ಒಂದು ಪಟ್ಟಿ ಮುರಿದರೆ ಮಾರಂಡಹಳ್ಳಿಯಲ್ಲೋ ಪಾಲಕೋಡಿನಲ್ಲೋ ಯಾರಾದರೂ ಕೈ ಹಾಕುತ್ತಾರೆ. ದಿನದ ದುಡಿಮೆಗೆ ಗಾಡಿ ಇಟ್ಟವರು ಇದನ್ನೂ ತೂಗಿ ನೋಡಬೇಕು.

ಯಾರೂ ಕೇಳದ ಒಂದು ಸರಳು

ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ತೆಳುವಾದ ಸರಳು ಅಥವಾ ಸ್ಪ್ರಿಂಗ್ ಹೋಗಿರುವುದನ್ನು ಹಲವು ಪಿಕಪ್‌ಗಳ ಅಡಿಯಲ್ಲಿ ಕಾಣಬಹುದು. ಅದು ಭಾರ ನೋಡಿ ಬ್ರೇಕ್ ಹಂಚುವ ವಾಲ್ವಿನ ಸರಳು. ಎಲ್‌ಎಸ್‌ಪಿವಿ ಎಂಬ ಹೆಸರಿನಲ್ಲಿ ಮೆಕ್ಯಾನಿಕ್‌ಗಳಿಗೆ ಪರಿಚಿತ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರಕ್ಕೆ ಪೂರ್ತಿ ಬ್ರೇಕ್ ಕೊಟ್ಟರೆ ಅವು ಕಚ್ಚಿಕೊಂಡು ಜಾರುತ್ತವೆ. ಆದ್ದರಿಂದ ಈ ವಾಲ್ವು ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸುತ್ತದೆ. ಲೋಡು ಬಿದ್ದಾಗ ಹೆಚ್ಚಿಸುತ್ತದೆ. ಲೋಡು ಬಿದ್ದಿದೆಯೆಂದು ಅದಕ್ಕೆ ತಿಳಿಯುವುದು ಹೇಗೆ? ಚಾಸಿ ಆಕ್ಸಲ್ ಕಡೆಗೆ ಎಷ್ಟು ತಗ್ಗಿದೆ ಎಂಬುದರಿಂದ.

ಈಗ ಬಿಗಿ ಪ್ಲೇಟು ಹಾಕಿಯೋ ಗಾಳಿಚೀಲ ಉಬ್ಬಿಸಿಯೋ ಹಿಂಭಾಗ ತಗ್ಗದಂತೆ ಮಾಡಿದರೆ ಏನಾಗುತ್ತದೆ? ತೊಟ್ಟಿಯಲ್ಲಿ ಒಂದೂವರೆ ಟನ್ ಇದ್ದರೂ ಗಾಡಿ ಖಾಲಿ ಇದೆ ಎಂದೇ ವಾಲ್ವು ತಿಳಿಯುತ್ತದೆ. ಹಿಂದಿನ ಚಕ್ರಗಳಿಗೆ ಸಿಗಬೇಕಾದ ಬ್ರೇಕ್ ಸಿಗುವುದಿಲ್ಲ. ಮುಂದಿನ ಬ್ರೇಕುಗಳು ಎಲ್ಲ ಭಾರವನ್ನೂ ತಡೆಯಲು ಹೋಗಿ ಕಾದು ಕೆಂಪಾಗುತ್ತವೆ.

ಇದರ ಪರಿಣಾಮ ಊರೊಳಗೆ ಗೊತ್ತಾಗುವುದಿಲ್ಲ, ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವವರು ಇಳಿಯಬೇಕಾದ ತೊಪ್ಪೂರು ಘಾಟಿ ಭಾರದ ಗಾಡಿಗಳ ಅಪಘಾತಗಳಿಗೆ ಕುಖ್ಯಾತ. ರಾಷ್ಟ್ರೀಯ ಹೆದ್ದಾರಿ 44ರ ಆ ಇಳಿತದಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಯುವ ಗಾಡಿಗೆ ಹಿಂದಿನ ಬ್ರೇಕು ಅರೆಬರೆಯಾಗಿದ್ದರೆ, ಜೊತೆಗೆ ಬ್ರೇಕೇ ಇಲ್ಲದ ಮಿಕ್ಸರೊಂದು ಹಿಂದಿನಿಂದ ನೂಕುತ್ತಿದ್ದರೆ ಮುಂದಿನದು ಹೇಳಬೇಕಾಗಿಲ್ಲ.

ಹಾಗಾಗಿ ಯಾವುದೇ ಆಸರೆ ಹಾಕಿಸಿದ ಮೇಲೂ "ಎಲ್‌ಎಸ್‌ಪಿವಿ ಸೆಟ್ ಮಾಡಿದ್ದೀರಾ?" ಎಂದು ಕೇಳಬೇಕು. ತಯಾರಕರ ಕೈಪಿಡಿಯಲ್ಲಿರುವ ಅಳತೆಗೆ ಅದನ್ನು ಹೊಂದಿಸಬೇಕು. ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಹಾಕುವುದು ಪರಿಹಾರವಲ್ಲ. ಹಾಗೆ ಮಾಡಿದ ಗಾಡಿ ಖಾಲಿ ಇದ್ದಾಗ ಮಳೆಯಲ್ಲಿ ಗಿರಕಿ ಹೊಡೆಯುತ್ತದೆ. ಹೊಂದಿಸಲು ಬರುವುದಿಲ್ಲ ಎಂದು ಗ್ಯಾರೇಜಿನವರು ಹೇಳಿದರೆ ಆ ಆಸರೆಯನ್ನೇ ಬಿಡುವುದು ಲೇಸು.

ಕಾಯ್ದೆ ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಪ್ಲೇಟು ಸೇರಿಸಿದ ಮಾತ್ರಕ್ಕೆ ಆರ್‌ಸಿಯ ತೂಕ ಏರುವುದಿಲ್ಲ. ಮಿತಿ ಮೀರಿದ ಲೋಡಿಗೆ 194ನೇ ಕಲಮಿನಡಿ 20 ಸಾವಿರ ರೂ. ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್‌ಗೆ 2 ಸಾವಿರ ರೂ. ಇದು 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ. ಹೆಚ್ಚುವರಿ ಸರಕು ಇಳಿಸುವ ಖರ್ಚೂ ಮಾಲೀಕನದೇ. ಒಂದು ಬಾಡಿಗೆಯ ಲಾಭಕ್ಕೂ ಈ ಮೊತ್ತಕ್ಕೂ ಹೋಲಿಕೆಯೇ ಇಲ್ಲ.

ಟ್ರೈಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ಮಿಕ್ಸರ್, ಕಂಪ್ರೆಸರ್‌ನಂಥ ಯಂತ್ರಗಳನ್ನು ಎಳೆಯುವವರು ತಮ್ಮ ಪಾಲಿಸಿಯಲ್ಲಿ ಅದಕ್ಕೆ ವಿಮೆ ಇದೆಯೇ ಎಂದು ಬರಹದಲ್ಲೇ ಕೇಳಿ ತಿಳಿಯಬೇಕು. ಕೆಟ್ಟುನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಎಳೆಯಲು ಅಡ್ಡಿಯಿಲ್ಲ. ಆದರೆ ಎರಡರ ನಡುವಿನ ಅಂತರ 5 ಮೀಟರ್ ಮೀರಬಾರದು ಮತ್ತು ಎಳೆಸಿಕೊಳ್ಳುವ ಗಾಡಿಯ ಸ್ಟೀರಿಂಗ್ ಹಿಡಿದು ಲೈಸೆನ್ಸ್ ಇದ್ದವರು ಕೂತಿರಬೇಕು. ಹಗ್ಗವನ್ನು ಕಂಪನಿ ಕೊಟ್ಟ ಕೊಕ್ಕೆಗೇ ಕಟ್ಟಬೇಕು. ಬಂಪರಿಗೋ ಕಮಾನು ಪಟ್ಟಿಗೋ ಕಟ್ಟಿ ಎಳೆದರೆ ಪಟ್ಟಿ ಜಾಗ ಬಿಟ್ಟು ಸರಿದು ಆಕ್ಸಲ್ಲೇ ಓರೆಯಾಗಬಹುದು. ಮಿಕ್ಸರ್‌ನ ಕೊಕ್ಕೆಯೂ ಅಷ್ಟೆ. ಬಂಪರಿಗೆ ವೆಲ್ಡ್ ಮಾಡಿದ್ದು ಬೇಡ, ಚಾಸಿಯ ಎರಡೂ ಕಡೆಗೆ ಬೋಲ್ಟ್ ಹಾಕಿ ಬಿಗಿದದ್ದಿರಲಿ.

ಕೆಲಸ ಮುಗಿದ ಮೇಲೆ

ಆಸರೆ ಹಾಕಿಸಿ ಮನೆಗೆ ತಂದ ಗಾಡಿಯನ್ನು ಮೊದಲು ಅರ್ಧ ಲೋಡಿನಲ್ಲಿ ಓಡಿಸಿ ನೋಡಬೇಕು. ಖಾಲಿ ಓಟದಲ್ಲಿ ಹೊಸದಾಗಿ ನಡುಕ ಬಂದಿದ್ದರೆ ಹಿಂಭಾಗ ಹೆಚ್ಚು ಎತ್ತರವಾಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿರಬಹುದು. ಬ್ರೇಕಿನ ಹೋಸ್ ಪೈಪು ಬಿಗಿದು ನಿಂತಿಲ್ಲವೇ ಎಂದು ಅಡಿಗೆ ಬಗ್ಗಿ ನೋಡಬೇಕು. ಹೆಡ್‌ಲೈಟನ್ನು ಗೋಡೆಯೆದುರು ಲೋಡು ಸಮೇತ ನಿಲ್ಲಿಸಿ ಹೊಂದಿಸಬೇಕು. ಹೊಸ ಯು-ಬೋಲ್ಟ್‌ಗಳು ಮೊದಲ ಕೆಲವು ಲೋಡುಗಳಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಅದೇ ಗ್ಯಾರೇಜಿಗೆ ಹೋಗಿ ಇನ್ನೊಮ್ಮೆ ಬಿಗಿಸಿಕೊಳ್ಳಬೇಕು. ಹೋಗುವ ದಾರಿಯಲ್ಲಿ ವೇಬ್ರಿಡ್ಜ್ ಸಿಕ್ಕರೆ ಮತ್ತೊಂದು ಚೀಟಿ ಮಾಡಿಸಿ, ಹಳೆಯ ಚೀಟಿಯ ಜೊತೆಗಿಟ್ಟು ನೋಡಿ.